ಸಹಾಯ ಬೇಕು: ಎಸ್‌ಟಿಪಿಯಲ್ಲಿ ಕೆಸರು ತಳ ಸೇರುತ್ತಿಲ್ಲ
ನಮಸ್ಕಾರ. ನಮ್ಮ ಊರಿನ ಕೊಳಚೆ ನೀರು ಶುದ್ಧೀಕರಣ ಘಟಕದ ನಿರ್ವಹಣೆ ನನ್ನ ಹೊಣೆ. 5 ಎಂಎಲ್‌ಡಿ (ದಿನಕ್ಕೆ 50 ಲಕ್ಷ ಲೀಟರ್), ಆಕ್ಟಿವೇಟೆಡ್ ಸ್ಲಡ್ಜ್ ಪದ್ಧತಿ, ಅಂದರೆ ಗಾಳಿ ಊದಿ ಕೆಸರಿನ ಜೀವಾಣುಗಳಿಂದ ಕೊಳೆ ತೆಗೆಯುವುದು. ಈಚೆಗೆ ಸೆಕೆಂಡರಿ ಕ್ಲಾರಿಫೈಯರ್‌ನಲ್ಲಿ (ಆಮೇಲೆ ಕೆಸರು ತಳ ಸೇರಬೇಕಾದ ಟ್ಯಾಂಕ್) ಕೆಸರು ಹತ್ತಿಯಂತೆ ಹಗುರಾಗಿ ತೇಲಿ, ಅಂಚು ದಾಟಿ ನೀರಿನ ಜೊತೆಗೇ ಹೋಗುತ್ತಿದೆ.

ಒಂದು ಲೀಟರ್ ಜಾರಿನಲ್ಲಿ 30 ನಿಮಿಷ ಬಿಟ್ಟರೂ ಕೆಸರು 750 ಎಂಎಲ್ ಗುರುತಿನಲ್ಲೇ ನಿಲ್ಲುತ್ತದೆ. ಮೇಲಿನ ನೀರೇನೋ ತಿಳಿಯಾಗಿದೆ. ಎಂಎಲ್‌ಎಸ್‌ಎಸ್ (ಏರಿಯೇಷನ್ ಟ್ಯಾಂಕಿನ ನೀರಿನಲ್ಲಿರುವ ಕೆಸರಿನ ಪ್ರಮಾಣ) ಲೀಟರಿಗೆ 3,000 ಮಿಗ್ರಾಂ. ಅಂದರೆ ಎಸ್‌ವಿಐ (ಒಂದು ಗ್ರಾಂ ಕೆಸರು ತಳ ಸೇರಿದಾಗ ಹಿಡಿಯುವ ಜಾಗ, ಎಂಎಲ್‌ನಲ್ಲಿ) 250. ಅದು 150ರ ಒಳಗಿರಬೇಕು, ಅಲ್ವಾ? ಬೆಳಗಿನ ಹರಿವು ಜಾಸ್ತಿಯಾದಾಗ ಗಾಳಿ ಊದುವ ಏರಿಯೇಷನ್ ಟ್ಯಾಂಕಿನಲ್ಲಿ ಡಿಒ (ನೀರಿನಲ್ಲಿ ಕರಗಿದ ಆಮ್ಲಜನಕ) ಲೀಟರಿಗೆ 0.8 ಮಿಗ್ರಾಂಗೆ ಇಳಿಯುತ್ತದೆ, 2ರ ಆಸುಪಾಸು ಇರಬೇಕಿತ್ತು. ಗಾಳಿ ಊದುವ ಒಂದು ಬ್ಲೋವರ್ ಕೆಟ್ಟು ನಿಂತಿದೆ, ರಿಪೇರಿ ಫೈಲಿಗೆ ಇನ್ನೂ ಸಹಿ ಬಿದ್ದಿಲ್ಲ. ಹೋಟೆಲುಗಳ ಜಿಡ್ಡು ಬೇರೆ.

ಕೆಸರನ್ನು ತಳ ಸೇರಲು ಬಿಡದ ನೂಲಿನಂಥ ಬ್ಯಾಕ್ಟೀರಿಯಾ ಹೆಚ್ಚಾಗಿವೆ ಅನ್ನೋದು ನನ್ನ ಅನುಮಾನ. ರಿಟರ್ನ್ ಸ್ಲಡ್ಜ್‌ಗೆ (ಕ್ಲಾರಿಫೈಯರ್‌ನಿಂದ ಏರಿಯೇಷನ್ ಟ್ಯಾಂಕಿಗೆ ವಾಪಸ್ ಹೋಗುವ ಕೆಸರು) ಕ್ಲೋರಿನ್ ಹಾಕಿ ಸರಿಮಾಡಿದವರು ಇದ್ದೀರಾ? ಎಷ್ಟು ಪ್ರಮಾಣದಿಂದ ಶುರು ಮಾಡಿದಿರಿ? ಜಾಸ್ತಿಯಾದರೆ ಬೇಕಾದ ಜೀವಾಣುಗಳೂ ಸಾಯುತ್ತವೆ ಅನ್ನೋ ಭಯ ಇದೆ. ಬ್ಲೋವರ್ ಸರಿಯಾಗುವ ತನಕ ಕೆಸರು ಹೊರಹಾಕುವುದನ್ನು ಹೆಚ್ಚಿಸಿ ಎಂಎಲ್‌ಎಸ್‌ಎಸ್ ಇಳಿಸಿದರೆ ಸರಿಯೇ?

ಈ ನೀರು ಹೋಗುವ ಕೆರೆಯಲ್ಲಿ ದನಗಳು ಕುಡಿಯುತ್ತವೆ. ಸುಮ್ನೆ ಕಾಯುತ್ತಾ ಕೂರಲು ಮನಸ್ಸಿಲ್ಲ. ಮೈಕ್ರೋಸ್ಕೋಪ್‌ನಲ್ಲಿ ಕೆಸರಿನ ಸ್ಯಾಂಪಲ್ ನೋಡಿಕೊಡುವ ಲ್ಯಾಬ್ ಮೈಸೂರು ಕಡೆ ಇದ್ದರೆ ದಯವಿಟ್ಟು ತಿಳಿಸಿ.