ಅಪ್‌ಡೇಟ್: ಲ್ಯಾಬ್ರಡಾರ್ ಮರಿಗೆ ಕ್ರೇಟ್ ಬಂತು

ಮಡಿಕೇರಿಯ ಮಳೆಗಾಲಕ್ಕೆ ನಮ್ಮ ಲ್ಯಾಬ್ರಡಾರ್ ಮರಿಗೆ ಪ್ಲಾಸ್ಟಿಕ್ ಕ್ರೇಟ್ (ನಾಯಿ ಮಲಗುವ ಗೂಡು) ಒಳ್ಳೆಯದೋ ತಂತಿಯದೋ ಎಂದು ಕೇಳಿದ್ದೆ. ಕೊನೆಗೆ ತಂತಿಯದನ್ನೇ ತಂದೆವು, 42 ಇಂಚಿನದು. ಬೆಳೆದ ಲ್ಯಾಬ್ರಡಾರ್ ತಲೆ ತಗ್ಗಿಸದೆ ನಿಂತು, ಸುತ್ತ ತಿರುಗಿ, ಕಾಲು ಚಾಚಿ ಮಲಗಲು ಸಾಮಾನ್ಯವಾಗಿ ಇಷ್ಟು ಉದ್ದ ಬೇಕು. ಸದ್ಯಕ್ಕೆ ನಡುವೆ ತಡೆ ಹಾಕಿ ಜಾಗ ಕಿರಿದು ಮಾಡಿದ್ದೇವೆ. ಇಲ್ಲದಿದ್ದರೆ ಮರಿ ಒಂದು ಮೂಲೆಯಲ್ಲಿ ಮೂತ್ರ ಮಾಡಿ ಇನ್ನೊಂದರಲ್ಲಿ ಮಲಗಿಬಿಡುತ್ತದೆ.

ಕೊಡಗಿನ ಜೋರು ಮಳೆಯ ತಿಂಗಳಾದ ಕಕ್ಕಡದ ಥಂಡಿಯಲ್ಲಿ ನಮ್ಮ ಬಟ್ಟೆಗಳೇ ಒಣಗುವುದಿಲ್ಲ. ಹಾಗಾಗಿ ಗಾಳಿಯಾಡುವುದೇ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿತು. ತುಕ್ಕು ತಡೆಯುವ ಲೇಪನ ಇರುವುದನ್ನೇ ಆರಿಸಿದೆ. ಊಟವನ್ನು ಬಾಗಿಲು ತೆರೆದಿಟ್ಟು ಒಳಗೇ ಕೊಡುತ್ತಿದ್ದೇವೆ, ಅವನು ಖುಷಿಯಿಂದ ನುಗ್ಗುತ್ತಾನೆ!

ಕೊರಳಪಟ್ಟಿ ತಂತಿಗೆ ಸಿಕ್ಕಿಕೊಂಡರೆ ಪ್ರಾಣಾಪಾಯ ಎಂದು ಎಚ್ಚರಿಸಿದವರಿಗೆ ವಿಶೇಷ ಕೃತಜ್ಞತೆ. ಒಳಗೆ ಬಿಡುವ ಮುನ್ನ ತಪ್ಪದೆ ಬಿಚ್ಚುತ್ತೇವೆ.