ಗೊಣ್ಣೆಹುಳದ ಹೊಟ್ಟೆಯೊಳಗೆ ಕಪ್ಪು ಚುಕ್ಕೆ – ಜಂತು ಸತ್ತಿದೆಯಾ, ಹುಳ ಸಾಯುತ್ತಿದೆಯಾ?

ಕೆಳತೋಟ:
ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ ಎರಡು ಎಕರೆ ಅಡಿಕೆ. ಕೆಳಗಿನ ಸಾಲಿನ ಮರಗಳು ಮೂರು ವರ್ಷದಿಂದ ಹಳದಿಯಾಗುತ್ತಿವೆ. ಬುಡ ಬಿಡಿಸಿದರೆ ಒಂದೊಂದರಲ್ಲೂ ಏಳೆಂಟು ಗೊಣ್ಣೆಹುಳ, ಬೇರೆಲ್ಲ ಕಚ್ಚಿ ಹಾಕಿವೆ.

ಈ ಸಲ ವಿಷ ಬೇಡ ಅಂತ ಕೀಟ ಕೊಲ್ಲುವ ಜಂತುವಿನ (ಮಣ್ಣಿನಲ್ಲಿರುವ ಎಳೆಯಂಥ ಅತಿ ಸಣ್ಣ ಹುಳ) ಪುಡಿ ತಂದೆ. ಜಂತುವಿನ ಹೆಸರು ಹೆಟರೋರಾಬ್ಡೈಟಿಸ್ ಇಂಡಿಕಾ. ಸಂಜೆ ಹೊತ್ತು ನೀರಲ್ಲಿ ಕಲಸಿ ಬುಡಕ್ಕೆ ಹೊಯ್ದೆ. ಹತ್ತು ದಿನ ಬಿಟ್ಟು ಅಗೆದು ನೋಡಿದರೆ ಕೆಲವು ಹುಳ ಸತ್ತು ಇಟ್ಟಿಗೆ ಬಣ್ಣಕ್ಕೆ ತಿರುಗಿವೆ. ಮುಟ್ಟಿದರೆ ಮೆತ್ತಗೆ, ಆದರೆ ಕೊಳೆತ ವಾಸನೆ ಸ್ವಲ್ಪವೂ ಇಲ್ಲ. ಪಕ್ಕದಲ್ಲೇ ಇದ್ದ ಬೇರೆ ಹುಳಗಳು ಮಾತ್ರ ಆರಾಮಾಗಿ ಮುದುಡಿಕೊಂಡು ಜೀವಂತ ಇವೆ.

ಅಂಥ ಜೀವಂತ ಹುಳ ಒಂದನ್ನು ಬ್ಲೇಡಿನಿಂದ ಸೀಳಿ ಭೂತಗನ್ನಡಿಯಲ್ಲಿ ನೋಡಿದೆ. ಒಳಗೆ ಸಾಸಿವೆಗಿಂತ ಎಷ್ಟೋ ಸಣ್ಣ ಕಪ್ಪು ಚುಕ್ಕೆ, ನಾಲ್ಕೈದು. ಇದೇನು? ಒಂದೇ ಬುಡ, ಒಂದೇ ಪುಡಿ, ಒಂದು ಹುಳ ಸತ್ತಿತು, ಇನ್ನೊಂದು ಯಾಕೆ ಸಾಯಲಿಲ್ಲ?

ಲ್ಯಾಬ್ ಅಕ್ಕ:
ನೀವು ಸೀಳಿ ನೋಡಿದ್ದು ತುಂಬಾ ಒಳ್ಳೆಯದಾಯಿತು. ಈ ಜಂತು ಸಾಕುವ ಲ್ಯಾಬಿನಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ, ಹಾಗಾಗಿ ಆ ಚುಕ್ಕೆ ನನಗೆ ಚೆನ್ನಾಗಿ ಪರಿಚಯ. ಬಹುಮಟ್ಟಿಗೆ ಅದು ಸೋತ ಜಂತು. ಹುಳ ಅದನ್ನು ಜೀವಂತ ಹೂತಿದೆ.

ಗೊಣ್ಣೆಹುಳ ಸುಮ್ನೆ ಬಿದ್ದಿರುವ ಪ್ರಾಣಿ ಅನಿಸುತ್ತೆ, ಆದರೆ ಅದರ ರಕ್ತದಲ್ಲಿ ಕಾವಲು ಕಣಗಳಿವೆ. ಹೊರಗಿನದ್ದು ಏನಾದರೂ ಒಳಗೆ ಬಂದರೆ ಬಂದು ಅಂಟಿಕೊಳ್ಳುತ್ತವೆ, ಒಂದರ ಮೇಲೊಂದು ಪದರವಾಗಿ ಸುತ್ತುತ್ತವೆ. ಆಮೇಲೆ ಆ ಗಂಟು ಕಪ್ಪಾಗುತ್ತೆ. ಬದನೆಕಾಯಿ ಹೆಚ್ಚಿಟ್ಟರೆ ಕಪ್ಪಾಗುತ್ತಲ್ವಾ, ಹೆಚ್ಚುಕಮ್ಮಿ ಅಂಥದ್ದೇ ಕಿಣ್ವದ ಕೆಲಸ. ಒಳಗಿನ ಜಂತು ಅಲ್ಲೇ ಸಾಯುತ್ತೆ.

ಗೆದ್ದ ಜಂತು ಏನು ಮಾಡುತ್ತೆ ಅಂದರೆ, ಅದು ಒಂಟಿಯಾಗಿ ಬರುವುದಿಲ್ಲ. ಅರ್ಧ ಮಿಲಿಮೀಟರ್ ಉದ್ದದ ಮರಿ, ಕರುಳಿನಲ್ಲಿ ಫೋಟೋರಾಬ್ಡಸ್ ಎಂಬ ಬ್ಯಾಕ್ಟೀರಿಯಾ ಹೊತ್ತು ತರುತ್ತೆ. ಬಾಯಿ, ಗುದ ಅಥವಾ ಉಸಿರಾಟದ ರಂಧ್ರದಿಂದ ಒಳಗೆ ನುಗ್ಗಿ, ರಕ್ತ ಸಿಕ್ಕ ಕೂಡಲೇ ಬ್ಯಾಕ್ಟೀರಿಯಾವನ್ನು ಕಕ್ಕುತ್ತೆ. ಆ ಬ್ಯಾಕ್ಟೀರಿಯಾ ಎರಡು ಕಡೆಯಿಂದ ಹೊಡೆಯುತ್ತೆ. ಒಂದು, ಕಪ್ಪು ಮಾಡುವ ಆ ಕಿಣ್ವವನ್ನೇ ತಡೆಯುವ ವಸ್ತು ಬಿಡುತ್ತೆ. ಎರಡು, ಕಾವಲು ಕಣಗಳನ್ನೇ ಕೊಲ್ಲುವ ವಿಷ ಬಿಡುತ್ತೆ. ಎಲ್ಲಾ ಸರಿಹೋದರೆ ಒಂದೆರಡು ದಿನದಲ್ಲಿ ಹುಳ ಮುಗಿಯಿತು. ಇಟ್ಟಿಗೆ ಬಣ್ಣ ಅದೇ ಬ್ಯಾಕ್ಟೀರಿಯಾದ್ದು. ಅದು ಆಂಟಿಬಯಾಟಿಕ್ ಕೂಡ ಮಾಡುವುದರಿಂದ ಬೇರೆ ಸೂಕ್ಷ್ಮಜೀವಿ ಸೇರುವುದಿಲ್ಲ, ಹೆಣ ಕೊಳೆಯುವುದಿಲ್ಲ. ನಿಮಗೆ ವಾಸನೆ ಬರದಿದ್ದದ್ದು ಅದಕ್ಕೇ.

ಸ್ಟೈನರ್ನೀಮಾ ಅಂತ ಇನ್ನೊಂದು ಜಾತಿ ಇದೆ. ಅದರ ಬ್ಯಾಕ್ಟೀರಿಯಾ ಬೇರೆ, ಉಪಾಯವೂ ಬೇರೆ. ಕಾವಲು ಕಣಗಳನ್ನು ಕರೆಯುವ ಸುದ್ದಿಯನ್ನೇ ಹುಟ್ಟದ ಹಾಗೆ ಮಾಡುತ್ತೆ. ಸುದ್ದಿ ಮುಟ್ಟದಿದ್ದರೆ ಯಾರು ಬರುತ್ತಾರೆ?

ನಿಮ್ಮ ಹುಳ ಯಾಕೆ ಗೆದ್ದಿತು ಅಂದರೆ, ಇಲ್ಲಿ ಸಂಖ್ಯೆ ಬಹಳ ಮುಖ್ಯ. ನಾಲ್ಕೈದು ಜಂತು ಬಂದರೆ ಸುತ್ತಿ ಹಾಕಬಹುದು, ಒಟ್ಟಿಗೆ ಹತ್ತಾರು ನುಗ್ಗಿದರೆ ಕಾವಲು ಸಾಲುವುದಿಲ್ಲ. ಅದೂ ಅಲ್ಲದೆ ಗೊಣ್ಣೆಹುಳ ಮಣ್ಣಿನಲ್ಲೇ ಹುಟ್ಟಿ ಬೆಳೆದದ್ದು. ಅದರ ಉಸಿರಾಟದ ರಂಧ್ರಕ್ಕೆ ಜರಡಿ ಥರದ ಮುಚ್ಚಳ ಇದೆ. ಆ ದಾರಿಯಲ್ಲಿ ನುಗ್ಗುವುದು ಸುಲಭ ಅಲ್ಲ.

ಪುಡಿ ತಂದಾಗ ಜೀವ ಇತ್ತಾ ಅಂತ ನೋಡಿದ್ರಾ?

ಕೆಳತೋಟ:
ಇಲ್ಲ ಅಕ್ಕ, ನೋಡಿಲ್ಲ. ಅಂಗಡಿಯಲ್ಲಿ ಬಿಸಿಲು ಬೀಳುವ ಕಪಾಟಿನಲ್ಲಿ ಇಟ್ಟಿದ್ದರು. ನಾನೂ ಸುಮ್ನೆ ತಂದುಬಿಟ್ಟೆ.

ಲ್ಯಾಬ್ ಅಕ್ಕ:
ಹಾಗಾದರೆ ಅರ್ಧ ಜಂತು ದಾರಿಯಲ್ಲೇ ಸತ್ತಿರಬಹುದು. ಬಿಸಿಲು, ಒಣಗುವುದು ಎರಡೂ ಇವಕ್ಕೆ ಆಗುವುದಿಲ್ಲ. ಮುಂದಿನ ಸಲ ಒಂದು ಚಿಟಿಕೆ ಪುಡಿಯನ್ನು ನೀರಿಗೆ ಹಾಕಿ, ಗಾಜಿನ ತಟ್ಟೆಯ ಕೆಳಗೆ ಕಪ್ಪು ಬಟ್ಟೆ ಇಟ್ಟು, ಅರ್ಧ ಗಂಟೆ ಬಿಟ್ಟು ಭೂತಗನ್ನಡಿಯಲ್ಲಿ ನೋಡಿ. ಬಿಳಿ ಎಳೆ ಹೊರಳಾಡಿದರೆ ಜೀವ ಇದೆ. ಎಲ್ಲಾ ಸೂಜಿಯ ಹಾಗೆ ನೆಟ್ಟಗೆ ಬಿದ್ದಿದ್ದರೆ ವಾಪಸ್ ಕೊಡಿ. ಇನ್ನೊಂದು ಮಾತು: ಸತ್ತ ಕೆಂಪು ಹುಳವನ್ನು ಎಸೆಯಬೇಡಿ, ಅದೇ ಬುಡದಲ್ಲಿ ಮುಚ್ಚಿ. ಎರಡು ವಾರದ ಒಳಗೆ ಅದರಿಂದ ಸಾವಿರಾರು ಮರಿ ಹೊರಬರುತ್ತವೆ.

ಮೆಣಸಿನಬಳ್ಳಿ:
ಮಧ್ಯೆ ಬಂದೆ, ಕ್ಷಮಿಸಿ. ನಮ್ಮ ಅಡಿಕೆ ಮರಕ್ಕೆಲ್ಲ ಕಾಳುಮೆಣಸು ಹಬ್ಬಿಸಿದ್ದೇವೆ. ಬಳ್ಳಿಗೆ ಸೊರಗು ಬಂದಾಗ ಬೇರಿನ ಜಂತು ಅಂತಲೇ ಹೇಳಿದ್ದರು. ಈಗ ಕೈಯಾರೆ ಜಂತು ತಂದು ಹಾಕಿದರೆ ಮೆಣಸು ಹೋಗಲ್ವಾ?

ಲ್ಯಾಬ್ ಅಕ್ಕ:
ಹೋಗಲ್ಲ. ಬೇರು ತಿನ್ನುವ ಜಂತುವಿಗೆ ಬಾಯಲ್ಲಿ ಸೂಜಿಯಂಥ ಮುಳ್ಳು ಇರುತ್ತೆ, ಅದನ್ನು ಬೇರಿಗೆ ಚುಚ್ಚಿ ಹೀರುತ್ತೆ. ಇವಕ್ಕೆ ಅದಿಲ್ಲ. ಕೀಟದ ಒಳಗೆ ಬಿಟ್ಟು ಬೇರೆಲ್ಲೂ ಬೆಳೆಯುವುದೂ ಇಲ್ಲ. ಎರೆಹುಳಕ್ಕೂ ತೊಂದರೆ ಇಲ್ಲ.

ಕೆಳತೋಟ:
ಅಕ್ಕ, ಹೊಸ ಪುಡಿ ತಂದೆ, ಎಳೆ ಹೊರಳಾಡುವುದು ಕಾಣಿಸಿತು. ಒಂದು ಜೀವಂತ ಹುಳವನ್ನು ಒದ್ದೆ ಮಣ್ಣಿನ ಜೊತೆ ಟಿಫಿನ್ ಡಬ್ಬಿಯಲ್ಲಿ ಇಟ್ಟು ಅದೇ ನೀರು ಚಿಮುಕಿಸಿದ್ದೆ. ಮೂರನೇ ದಿನ ಕೆಂಪಾಗಿದೆ. ರಾತ್ರಿ ಲೈಟ್ ಆರಿಸಿ ಹತ್ತು ನಿಮಿಷ ಕೂತ ಮೇಲೆ ಡಬ್ಬಿಯಲ್ಲಿ ಸಣ್ಣಗೆ ಹಸಿರು ಬೆಳಕು ಕಂಡ ಹಾಗಾಯಿತು. ಮಗಳಿಗೂ ಕಂಡಿತು. ಇದು ನಿಜವಾ?

ಲ್ಯಾಬ್ ಅಕ್ಕ:
ನಿಜ. ಫೋಟೋರಾಬ್ಡಸ್ ಮಿನುಗುವ ಬ್ಯಾಕ್ಟೀರಿಯಾ. ಮಗಳಿಗೆ ನಾಳೆ ರಾತ್ರಿ ಇನ್ನೊಂದು ಸಲ ತೋರಿಸಿ, ಆಮೇಲೆ ಮಂಕಾಗುತ್ತೆ.