ಪೈಲಟ್ ಬೇಡ, ಹೆಲಿಕಾಪ್ಟರ್ ಮಾತ್ರ ಕೊಡಿ ಅಂದದ್ದು ಜಂಭವಾ?

ಸಂಜೆಮಲ್ಲಿಗೆ:

ಮೂರು ದಿನದಿಂದ ನಮ್ಮ ಮನೆಯೊಳಗೆ ಒಂದು ಹೆಲಿಕಾಪ್ಟರ್ ಸುತ್ತುತ್ತಿದೆ. ಇಳಿಸಲು ಯಾರಾದರೂ ಸಹಾಯ ಮಾಡಿ.

ಮಗನ ಕಾಲೇಜಿನಲ್ಲಿ ಗುರುವಾರ ಚರ್ಚಾಸ್ಪರ್ಧೆ ಇದೆ. ‘ದುರಂತದ ಹೊತ್ತಿನಲ್ಲಿ ದೇಶಾಭಿಮಾನ ಅಡ್ಡ ಬರಬಾರದು’ ಅನ್ನುವುದು ವಿಷಯ. ಇವನು ಪರವಾಗಿ ಮಾತಾಡಬೇಕು. ಉದಾಹರಣೆಗೆ 2005ರ ಕಾಶ್ಮೀರ ಭೂಕಂಪವನ್ನು ಹಿಡಿದುಕೊಂಡಿದ್ದಾನೆ. ಅಕ್ಟೋಬರ್ 8ರ ಬೆಳಿಗ್ಗೆ, ರಂಜಾನ್ ತಿಂಗಳು, 7.6ರ ತೀವ್ರತೆ. ಪಾಕಿಸ್ತಾನದ ಕಡೆ ಮುಜಫರಾಬಾದ್, ಬಾಲಾಕೋಟ್ ನೆಲಸಮವಾದವು. ಅಲ್ಲಿ 73 ಸಾವಿರಕ್ಕೂ ಹೆಚ್ಚು ಜನ ಸತ್ತರು. ನಮ್ಮ ಕಡೆ ಉರಿ, ತಂಗಧಾರ್ ಸುತ್ತಮುತ್ತ 1,300ಕ್ಕೂ ಹೆಚ್ಚು. ರಸ್ತೆಯೆಲ್ಲ ಗುಡ್ಡ ಕುಸಿದು ಮುಚ್ಚಿಹೋಗಿದ್ದರಿಂದ ಹೆಲಿಕಾಪ್ಟರ್ ಒಂದೇ ದಾರಿ. ಭಾರತ ಕೊಡ್ತೀವಿ ಅಂದಿತು. ಹೆಲಿಕಾಪ್ಟರ್ ಕೊಡಿ, ಪೈಲಟ್ ಬೇಡ ಅಂದಿತು ಪಾಕಿಸ್ತಾನ. ಪೈಲಟ್ ಇಲ್ಲದೆ ಕೊಡಲ್ಲ ಅಂದೆವು ನಾವು. ಅಲ್ಲಿಗೆ ಕಥೆ ಮುಗಿಯಿತು.

‘ಜನ ಕಲ್ಲಿನ ಕೆಳಗೆ ಸಾಯ್ತಿದ್ರೆ ಸ್ಟಿಯರಿಂಗ್ ಯಾರ ಕೈಲಿದ್ರೆ ಏನು? ಇಬ್ರಿಗೂ ಜಂಭ’ ಅಂತ ಮಗ ಊಟದ ಹೊತ್ತಿನಲ್ಲಿ ಹೇಳಿದ. (ಹೆಲಿಕಾಪ್ಟರಿಗೆ ಸ್ಟಿಯರಿಂಗ್ ಇರಲ್ಲ ಅಂತ ನಾನು ತಿದ್ದಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.) ನಮ್ಮ ಮಾವನವರು ಸೇನೆಯಲ್ಲಿ ಹವಾಲ್ದಾರ್ ಆಗಿದ್ದವರು. ಆ ವರ್ಷ ಉರಿಯಲ್ಲೇ ಇದ್ದರು. ಅವರು ಸಾರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ‘ನಾವಾಗಿದ್ರೂ ಪೈಲಟ್ ಬೇಡ ಅಂತಿದ್ವಿ’ ಎಂದು ಎದ್ದು ಹೋದರು. ಅವತ್ತಿನಿಂದ ತಾತ ಮೊಮ್ಮಗನ ಮಾತುಕತೆ ನನ್ನ ಮೂಲಕವೇ ನಡೆಯುತ್ತಿದೆ.

ಅದು ಬರೀ ಜಂಭವಾ? ಅಥವಾ ಅದರಲ್ಲಿ ಅರ್ಥ ಇತ್ತಾ? ಟಿವಿ ಚರ್ಚೆಯ ಥರ ಬೇಡ. ಗೊತ್ತಿದ್ದವರು ಹೇಳಿ.

ಹಳೇರೋಟರ್:

ಮೇಡಂ, ನಿಮ್ಮ ಮಾವನವರಿಗೆ ನನ್ನದೊಂದು ಸಲಾಂ ತಿಳಿಸಿ. ನಾನು ವಾಯುಪಡೆಯಲ್ಲಿ ಹೆಲಿಕಾಪ್ಟರ್ ರಿಪೇರಿ ಕಡೆ ಇದ್ದವನು. ಹಾರಿಸಿದವನಲ್ಲ, ಕೈಗೆ ಗ್ರೀಸ್ ಮೆತ್ತಿಕೊಂಡವನು.

ಹೆಲಿಕಾಪ್ಟರ್ ಅಂದರೆ ಪಕ್ಕದ ಮನೆಯವರಿಗೆ ಕೀ ಕೊಟ್ಟು ಕಳಿಸುವ ಸ್ಕೂಟರ್ ಅಲ್ಲ. ಎಂಐ-17 ಥರದ್ದು ಎರಡೂ ಸೇನೆಯಲ್ಲಿದೆ, ಅವರಿಗೆ ಓಡಿಸಲು ಬರುತ್ತದೆ, ಅದು ಬೇರೆ ವಿಷಯ. ಆದರೆ ಒಂದೊಂದು ಯಂತ್ರಕ್ಕೂ ಅದರದ್ದೇ ಚಾಳಿ ಇರುತ್ತದೆ. ಯಾವ ಗೇಜು ಸ್ವಲ್ಪ ಸುಳ್ಳು ಹೇಳುತ್ತದೆ, ಯಾವ ಸದ್ದಿಗೆ ಹೆದರಬೇಕು, ಯಾವುದಕ್ಕೆ ಹೆದರಬಾರದು ಅನ್ನುವುದೆಲ್ಲ ಅದರ ಜೊತೆಗೇ ಇರುವ ಸಿಬ್ಬಂದಿಗೆ ಗೊತ್ತು. ಜೊತೆಗೆ ಒಳಗಿರುವ ರೇಡಿಯೋ, ಸಂಕೇತದ ಉಪಕರಣ. ಅದನ್ನು ಯಾವ ದೇಶವೂ ಬಿಟ್ಟುಕೊಡಲ್ಲ.

ಇನ್ನು ಅವರ ಕಡೆಯಿಂದ ನೋಡಿ. ಎಲ್‌ಒಸಿ (ಕಾಶ್ಮೀರವನ್ನು ಇಬ್ಬರ ನಡುವೆ ಭಾಗ ಮಾಡಿರುವ ನಿಯಂತ್ರಣ ರೇಖೆ) ಪಕ್ಕದ ಪ್ರತಿ ಗುಡ್ಡದ ಮೇಲೂ ಒಂದು ಠಾಣೆ. ನಮ್ಮ ಪೈಲಟ್ ಒಂದು ವಾರ ಅಲ್ಲಿ ಹಾರಿದರೆ, ಬೇಡ ಅಂದರೂ ಅಷ್ಟೂ ಕಣ್ಣಿಗೆ ಬೀಳುತ್ತದೆ. ಅವರ ಬಂಕರುಗಳೂ ಕುಸಿದಿದ್ದವು, ಸೈನಿಕರು ಸತ್ತಿದ್ದರು. ಬಿದ್ದ ಮನೆಯನ್ನು ಪಕ್ಕದವನಿಗೆ ತೋರಿಸಲು ಯಾರಿಗೆ ಇಷ್ಟ? ಅಮೆರಿಕದ ಚಿನೂಕ್ ಅನ್ನುವ ದೊಡ್ಡ ಹೆಲಿಕಾಪ್ಟರುಗಳನ್ನು ಅಫ್ಘಾನಿಸ್ತಾನದ ಕಡೆಯಿಂದ ಕರೆಸಿಕೊಂಡರಲ್ಲ. ಅವರ ಜೊತೆ ಗಡಿ ಜಗಳ ಇರಲಿಲ್ಲ.

ಹಾಗಾಗಿ ಇಬ್ಬರೂ ಲೆಕ್ಕ ಹಾಕಿಯೇ ಮಾತಾಡಿದರು. ಜಂಭ ಇರಲಿಲ್ಲ ಅನ್ನುತ್ತಿಲ್ಲ. ಅದು ಎರಡನೇ ಸೀಟಿನಲ್ಲಿ ಕೂತಿತ್ತು.

ಉಪ್ಪುಖಾರ:

ಬೇರೆಯವರ ಜಂಭದ ಬಗ್ಗೆ ಭಾಷಣ ಮಾಡುವ ಮೊದಲು ಹುಡುಗನಿಗೆ 2004ರ ಸುನಾಮಿ ನೆನಪಿಸಿ. ತಮಿಳುನಾಡಿನ ಕರಾವಳಿ, ಅಂಡಮಾನ್ ಕೊಚ್ಚಿಹೋಗಿದ್ದಾಗ ಹೊರಗಿನ ಸರ್ಕಾರಗಳ ನೆರವು ಸದ್ಯಕ್ಕೆ ಬೇಡ, ನಾವೇ ನಿಭಾಯಿಸ್ತೀವಿ ಅಂದವರು ನಾವು. ಅದೇ ಹೊತ್ತಿಗೆ ನಮ್ಮ ಹಡಗುಗಳು ಶ್ರೀಲಂಕಾ, ಮಾಲ್ಡೀವ್ಸ್, ಇಂಡೋನೇಷ್ಯಾಕ್ಕೆ ಸಾಮಾನು ಹೊತ್ತು ಹೋದವು. ಆಗ ನಮಗೆಲ್ಲ ಎದೆ ಉಬ್ಬಿತ್ತು. ನನಗೂ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ. ಕೊಡುವ ಕೈ ಮೇಲೆ ಇರುತ್ತದೆ, ಅದರ ರುಚಿ ಬೇರೆ. ತಗೊಳ್ಳುವವನಿಗೆ ಮಾತ್ರ ಅಭಿಮಾನ ಇರಬಾರದು ಅಂದರೆ ಯಾವ ನ್ಯಾಯ?

2001ರಲ್ಲಿ ಗಣರಾಜ್ಯೋತ್ಸವದ ಬೆಳಿಗ್ಗೆಯೇ ಭುಜ್ ಬಿದ್ದಾಗ ಪಾಕಿಸ್ತಾನದಿಂದ ಡೇರೆ, ಕಂಬಳಿ ತುಂಬಿದ ವಿಮಾನ ಅಹಮದಾಬಾದಿಗೆ ಬಂದಿತ್ತು. ನಾವು ತಗೊಂಡೆವು. ಡೇರೆಗೆ ಪೈಲಟ್ ಬೇಕಾಗಲ್ಲ ನೋಡಿ.

ಸಂಜೆಮಲ್ಲಿಗೆ:

ಹಳೇರೋಟರ್ ಸರ್, ‘ಎರಡನೇ ಸೀಟಿನಲ್ಲಿ’ ಅಂದದ್ದನ್ನು ಓದಿ ಹೇಳಿದೆ. ಮಾವನವರು ನಕ್ಕರು. ಮೂರು ದಿನದಲ್ಲಿ ಮೊದಲ ಸಲ.

ಉಪ್ಪುಖಾರ ಅವರೇ, ಭುಜ್ ವಿಷಯ ಮಗನಿಗೆ ಗೊತ್ತೇ ಇರಲಿಲ್ಲ. ಈಗ ನೋಟ್‌ಬುಕ್ಕಿನಲ್ಲಿ ಒಂದು ಪುಟ ಹರಿದಿದ್ದಾನೆ. ಹಾಗಾದರೆ ಕೊಡುವ ರೀತಿಯಲ್ಲೇ ಏನೋ ಇದೆ ಅಂತೀರಾ?

ಜೋಳಿಗೆ:

ಕೊಡುವ ರೀತಿಯಲ್ಲೇ ಇದೆ. ನಾನು ಅದನ್ನು ಒಬ್ಬ ಅಜ್ಜಿಯ ಹತ್ತಿರ ಕಲಿತೆ. ಸ್ವಲ್ಪ ಉದ್ದ ಆಗುತ್ತದೆ.

2015ರ ಏಪ್ರಿಲ್ 25. ನೇಪಾಳದ ಗೋರ್ಖಾ ಜಿಲ್ಲೆಯ ಬಾರ್ಪಾಕ್ ಹತ್ತಿರ 7.8ರ ಭೂಕಂಪ, ಮಧ್ಯಾಹ್ನಕ್ಕೆ ಇನ್ನೇನು ನಾಲ್ಕು ನಿಮಿಷ ಇತ್ತು. ಶನಿವಾರ ಅಲ್ಲಿ ರಜೆ, ಶಾಲೆಗಳು ಖಾಲಿ ಇದ್ದವು. ಇಲ್ಲದಿದ್ದರೆ ಲೆಕ್ಕ ಎಲ್ಲಿಗೆ ಹೋಗುತ್ತಿತ್ತೋ. ಹಾಗಿದ್ದೂ ಸುಮಾರು 9,000 ಜನ ಹೋದರು. ಭಾರತದ ಮೊದಲ ವಿಮಾನ ಅವತ್ತೇ ಕಠ್ಮಂಡುವಿನಲ್ಲಿ ಇಳಿದಿತ್ತು. ಆಪರೇಷನ್ ಮೈತ್ರಿ ಅಂತ ಹೆಸರು. ಕೆಲಸ ಚೆನ್ನಾಗಿ ಮಾಡಿದರು, ಅದರಲ್ಲಿ ಎರಡು ಮಾತಿಲ್ಲ.

ನಾವು ಆರು ಜನ ಸ್ನೇಹಿತರು ದುಡ್ಡು ಹಾಕಿ, ಟಾರ್ಪಾಲು, ಔಷಧಿ ಹೊತ್ತು ಮೇ ತಿಂಗಳ ಮೊದಲ ವಾರದಲ್ಲಿ ಸಿಂಧುಪಾಲ್ಚೋಕಿಗೆ ಹೋದೆವು. ಎಲ್ಲಕ್ಕಿಂತ ಜಾಸ್ತಿ ಜನ ಸತ್ತ ಜಿಲ್ಲೆ ಅದು. ಜೊತೆಗೆ ಒಂದು ಬ್ಯಾನರ್. ಹೌದು, ಬ್ಯಾನರ್! ನಮ್ಮ ಗುಂಪಿನ ಹೆಸರು, ಎರಡು ಬಾವುಟ, ‘ಭಾರತದ ಸಹೋದರರಿಂದ’. ಆ ಸಾಲು ಬರೆಸಿದವನು ನಾನೇ. ಪ್ರಿಂಟ್ ಮಾಡಿಸುವಾಗ ಕಣ್ಣು ತುಂಬಿತ್ತು ಕೂಡ.

ಜೀಪು ಹೋಗುವವರೆಗೆ ಹೋಗಿ, ಆಮೇಲೆ ಎರಡು ಗಂಟೆ ನಡೆದೆವು. ಊರು ಅಂತ ಉಳಿದದ್ದು ಕಲ್ಲಿನ ರಾಶಿ, ನಡುವೆ ನಿಂತ ಬಾಗಿಲ ಚೌಕಟ್ಟುಗಳು. ನಮ್ಮಲ್ಲೊಬ್ಬ ಬ್ಯಾನರ್ ಬಿಚ್ಚಿ ಎರಡು ಕೋಲಿಗೆ ಕಟ್ಟತೊಡಗಿದ. ಇನ್ನೊಬ್ಬ ಮೊಬೈಲ್ ತೆಗೆದ. ಸಾಲಿನಲ್ಲಿ ಮೊದಲು ನಿಂತಿದ್ದ ಅಜ್ಜಿ ಟಾರ್ಪಾಲಿಗೆ ಕೈ ಚಾಚಿದವಳು, ಮೊಬೈಲ್ ನೋಡಿ ಕೈ ಹಿಂದಕ್ಕೆ ತಗೊಂಡಳು. ಸಿಟ್ಟಿನಿಂದಲ್ಲ. ತಲೆ ಮೇಲಿನ ಬಟ್ಟೆ ಸರಿ ಮಾಡಿಕೊಳ್ಳಲು ಅಂದುಕೊಂಡೆ. ಅವಳು ಸಾಲು ಬಿಟ್ಟು ಹೋಗಿಯೇಬಿಟ್ಟಳು.

ಕಾಲು ಗಂಟೆ ಯಾರೂ ಏನೂ ತಗೊಳ್ಳಲಿಲ್ಲ. ಆಮೇಲೆ ಅವಳು ಬಂದಳು, ಕೈಯಲ್ಲಿ ಕೆಟಲ್, ಹಿಂದೆ ಒಬ್ಬ ಹುಡುಗ ಮಡಿಲಲ್ಲಿ ಹುರಿದ ಜೋಳ ಹಿಡಿದುಕೊಂಡು. ‘ಪಹಿಲಾ ಚಿಯಾ’ ಅಂದಳು. ಮೊದಲು ಚಹಾ. ಹಾಲಿಲ್ಲದ ಚಹಾ, ಮೂರೇ ಲೋಟ. ಇಬ್ಬರಿಗೆ ಒಂದರಂತೆ ಕುಡಿದೆವು. ಕುಡಿದು ಮುಗಿಸುವವರೆಗೆ ಅವಳು ನಿಂತೇ ಇದ್ದಳು. ಲೋಟ ವಾಪಸು ತಗೊಂಡ ಮೇಲೆ, ಈಗ ಕೊಡಿ ಅನ್ನುವ ಹಾಗೆ ಟಾರ್ಪಾಲಿಗೆ ಕೈ ಚಾಚಿದಳು.

ಅವಳ ಮನೆಗೆ ಬಂದ ನೆಂಟರಾಗಿ ಹೋದೆವಲ್ಲ ನಾವು. ನೆಂಟರು ತಂದದ್ದನ್ನು ತಗೊಳ್ಳಬಹುದು.

ಫೋಟೋ ತೆಗೆಯಲಿಲ್ಲ. ಹೊರಡುವಾಗ ಬ್ಯಾನರ್ ಬೇಕಾ ಅಂತ ನಾಚಿಕೊಂಡೇ ಕೇಳಿದೆ, ಪ್ಲಾಸ್ಟಿಕ್ ಗಟ್ಟಿ ಇತ್ತು. ಅವರು ಅಕ್ಷರ ಕೆಳಗೆ ಬರುವ ಹಾಗೆ ಮಗುಚಿ ಆಡಿನ ಗುಡಿಸಲಿಗೆ ಹೊದಿಸಿದರು. ‘ಭಾರತದ ಸಹೋದರರಿಂದ’ ಅನ್ನುವುದನ್ನು ಆಡುಗಳು ಓದಿಕೊಂಡಿರಬೇಕು.

ಇತ್ತ ಕಠ್ಮಂಡುವಿಗೆ ಬಂದರೆ ಟ್ವಿಟ್ಟರ್ ತುಂಬ ‘ಗೋ ಹೋಮ್ ಇಂಡಿಯನ್ ಮೀಡಿಯಾ’. ಮಗ ಮಣ್ಣಿನ ಕೆಳಗಿರುವ ತಾಯಿಯ ಬಾಯಿಗೆ ಮೈಕ್ ಹಿಡಿದು ಹೇಗನಿಸುತ್ತಿದೆ ಅಂತ ಕೇಳುವವರ ಮೇಲೆ ಜನ ಉರಿದುಬಿದ್ದಿದ್ದರು. ಸೈನಿಕರ ಮೇಲೆ ಸಿಟ್ಟಿರಲಿಲ್ಲ. ‘ನೋಡಿ ನಾವು ಹೇಗೆ ಕಾಪಾಡ್ತಿದ್ದೀವಿ’ ಅನ್ನುವ ಧಾಟಿಯ ಮೇಲೆ ಸಿಟ್ಟು. ನಮ್ಮ ಸ್ನೇಹಿತರು ‘ಉಪಕಾರ ಸ್ಮರಣೆ ಇಲ್ಲದ ಜನ’ ಅಂದರು. ನನಗೆ ಬ್ಯಾನರ್ ನೆನಪಾಯಿತು, ಬಾಯಿ ಮುಚ್ಚಿಕೊಂಡೆ.

ನಿಮ್ಮ ಮಗನ ಹೆಲಿಕಾಪ್ಟರಿಗೂ ನೇಪಾಳದಲ್ಲಿ ಒಂದು ಜೋಡಿ ಇದೆ. ಬ್ರಿಟನ್ ಮೂರು ಚಿನೂಕ್ ಕಳಿಸಿತ್ತು. ಅವು ಭಾರತದವರೆಗೆ ಬಂದು ಕಾದವು. ನೇಪಾಳ ಒಳಗೆ ಬಿಡಲಿಲ್ಲ. ಅದರ ಗಾಳಿಗೆ ಇರುವ ಮನೆಗಳೂ ಬೀಳುತ್ತವೆ ಅನ್ನುವ ಕಾರಣ ಬಂತು. ಕೊನೆಗೆ ಹಾಗೇ ವಾಪಸು ಹೋದವು.

ಉಪ್ಪುಖಾರ:

ಚಹಾ ಕಥೆ ಚೆನ್ನಾಗಿದೆ. ಆದರೆ ಐದೇ ತಿಂಗಳು. ಸೆಪ್ಟೆಂಬರ್ 20ಕ್ಕೆ ನೇಪಾಳದ ಹೊಸ ಸಂವಿಧಾನ ಬಂತು, ಅದರ ವಿರುದ್ಧ ಭಾರತದ ಗಡಿಗೆ ಅಂಟಿದ ತರಾಯಿ ಬಯಲಿನಲ್ಲಿ ಅಲ್ಲಿನ ಮಧೇಸಿ ಜನರ ಚಳವಳಿ, ಗಡಿಯಲ್ಲಿ ಟ್ಯಾಂಕರ್ ನಿಂತವು. ಭಾರತವೇ ದಿಗ್ಬಂಧನ ಹಾಕಿದೆ ಅಂದರು ಅವರು. ಅದು ನಿಮ್ಮೊಳಗಿನ ಜಗಳ ಅಂದೆವು ನಾವು. ಚಳಿಗಾಲದಲ್ಲಿ, ಟಾರ್ಪಾಲಿನ ಕೆಳಗೆ ಇದ್ದ ಜನಕ್ಕೆ ಗ್ಯಾಸ್ ಇಲ್ಲ. ಮೈತ್ರಿ ಎಲ್ಲಿ ಹೋಯಿತು?

ಜೋಳಿಗೆ:

ಹೋಯಿತು, ನಿಜ. ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ, ಇವತ್ತೂ ಇಲ್ಲ. ಟಾರ್ಪಾಲಿನಲ್ಲಿ ಒಲೆ ಉರಿಯಲ್ಲ.

ನಕಾಶೆ:

ಉಪ್ಪುಖಾರ ಅವರ ಮಾತು ಒಪ್ಪುತ್ತೇನೆ, ಅರ್ಧ. ಗ್ರೀಸ್, ಟರ್ಕಿ ನೋಡಿ.

1996ರಲ್ಲಿ ಜನವಸತಿಯೇ ಇಲ್ಲದ ಪುಟ್ಟ ಬಂಡೆದ್ವೀಪಗಳಿಗಾಗಿ ಎರಡೂ ದೇಶ ಯುದ್ಧದ ಅಂಚಿಗೆ ಹೋಗಿದ್ದವು. 1999ರ ಆಗಸ್ಟ್ 17ರ ನಸುಕಿನಲ್ಲಿ ಟರ್ಕಿಯ ಇಜ್ಮಿತ್ ಕುಸಿಯಿತು, 17 ಸಾವಿರಕ್ಕೂ ಮೇಲೆ ಸಾವು. ಮೊದಲು ಓಡಿಬಂದವರಲ್ಲಿ ಗ್ರೀಕರಿದ್ದರು. ಮೂರೇ ವಾರ, ಸೆಪ್ಟೆಂಬರ್ 7ಕ್ಕೆ ಅಥೆನ್ಸ್ ನಡುಗಿತು, 143 ಸಾವು. ಟರ್ಕಿಯ ಅಕುತ್ ಅನ್ನುವ ಸ್ವಯಂಸೇವಕರ ತಂಡ ಅಲ್ಲಿಗೆ ಹೋಯಿತು. ಇಲ್ಲಿ ಗಮನಿಸಬೇಕಾದ್ದು ಇದು: ಋಣ ಒಂದೇ ಕಡೆ ಉಳಿಯಲಿಲ್ಲ. ಜೋಳಿಗೆಯವರ ಅಜ್ಜಿ ಚಹಾ ಕೊಟ್ಟು ಮಾಡಿದ್ದನ್ನು ಅಲ್ಲಿ ಭೂಮಿಯೇ ಮಾಡಿತು. ಕ್ರೂರವಾದ ಮಾತು, ಆದರೆ ಹಾಗೇ ಆಯಿತು.

ಅದೇ ಡಿಸೆಂಬರಿನಲ್ಲಿ ಹೆಲ್ಸಿಂಕಿಯಲ್ಲಿ, ಟರ್ಕಿ ಯುರೋಪಿಯನ್ ಒಕ್ಕೂಟಕ್ಕೆ ಅಭ್ಯರ್ಥಿ ಆಗುವುದಕ್ಕೆ ಗ್ರೀಸ್ ತನ್ನ ಅಡ್ಡಿ ತೆಗೆಯಿತು. ಇದು ಭೂಕಂಪದ ಕಣ್ಣೀರಿನಿಂದಲೇ ಆದದ್ದಲ್ಲ. ಆಗಿನ ವಿದೇಶಾಂಗ ಸಚಿವರಾದ ಗ್ರೀಸಿನ ಪಪಾಂಡ್ರಿಯೂ, ಟರ್ಕಿಯ ಇಸ್ಮಾಯಿಲ್ ಜೆಮ್ ಅದಕ್ಕೂ ಮೊದಲೇ, ಕೊಸೊವೊ ಗಲಾಟೆಯ ಹೊತ್ತಿಗೆ ಮಾತು ಶುರು ಮಾಡಿದ್ದರು. ಸೇತುವೆಯ ಕಂಬ ಆಗಲೇ ನಿಂತಿತ್ತು, ಜನ ಹಲಗೆ ಹಾಸಿದರು. ಆ ಬಂಡೆಗಳ ಜಗಳ ಇನ್ನೂ ಇದೆ. ಆದರೆ 2023ರ ಫೆಬ್ರವರಿಯಲ್ಲಿ ಟರ್ಕಿ ಮತ್ತೆ ಕುಸಿದಾಗ ಗ್ರೀಕ್ ರಕ್ಷಣಾ ತಂಡ ಮತ್ತೆ ಹೋಯಿತು. ಯಾರೂ ಪೈಲಟ್ ಲೆಕ್ಕ ಹಾಕಲಿಲ್ಲ.

ಮಗನಿಗೆ ಇನ್ನೊಂದು ಹೇಳಿ: 2005ರಲ್ಲೂ ಹೆಲಿಕಾಪ್ಟರ್ ಬಿಟ್ಟು ಬೇರೆಯದು ದಾಟಿತು. ಭಾರತದ ಡೇರೆ, ಕಂಬಳಿ, ಔಷಧಿ ಪಾಕಿಸ್ತಾನಕ್ಕೆ ಹೋದವು. ನವೆಂಬರಿನಲ್ಲಿ ಎಲ್‌ಒಸಿಯ ಐದು ಕಡೆ ದಾರಿ ತೆರೆಯಲು ಒಪ್ಪಿದರು. ಮೊದಲು ತೆರೆದದ್ದು ಪೂಂಚ್ ಹತ್ತಿರದ ಚಕನ್ ದಾ ಬಾಗ್. ಮೊದಲ ದಿನ ಮೂಟೆಗಳು ದಾಟಿದವು, ಜನರನ್ನು ಬಿಡಲಿಲ್ಲ.

ಸಂಜೆಮಲ್ಲಿಗೆ:

ಎಲ್ಲರಿಗೂ ವಂದನೆ. ನಿನ್ನೆ ರಾತ್ರಿ ಇದನ್ನೆಲ್ಲ ಜೋರಾಗಿ ಓದಿದೆ. ಚಹಾದ ಭಾಗ ಮಾವನವರು ಎರಡು ಸಲ ಓದಿಸಿದರು.

ಆಮೇಲೆ ತಾವಾಗಿಯೇ ಮಾತು ತೆಗೆದರು. ಭೂಕಂಪ ಆಗಿ ಹತ್ತು ಹನ್ನೆರಡು ದಿನಕ್ಕೆ, ಆಚೆ ಕಡೆಯ ನೆಂಟರ ಜೊತೆ ಮಾತಾಡಲಿ ಅಂತ ಸರ್ಕಾರ ಕಾಶ್ಮೀರದಲ್ಲಿ ಕೆಲವು ಕಡೆ ಫೋನ್ ಇಟ್ಟಿತಂತೆ. ಅಲ್ಲಿಂದ ಪಾಕಿಸ್ತಾನಕ್ಕೆ ಫೋನ್ ಮಾಡುವುದು ವರ್ಷಗಟ್ಟಲೆ ನಿಂತೇ ಹೋಗಿತ್ತು. ಉರಿಯಲ್ಲಿ ಇವರದು ಸಾಲು ನೋಡಿಕೊಳ್ಳುವ ಕೆಲಸ. ಒಬ್ಬ ಮುದುಕ ಚೀಟಿಯಲ್ಲಿ ನಂಬರ್ ಬರೆದುಕೊಂಡು ಬಂದಿದ್ದ. ಮುಜಫರಾಬಾದಿನಲ್ಲಿ ತಂಗಿ. ಹತ್ತು ಸಲ ಒತ್ತಿದರೂ ಹತ್ತಲಿಲ್ಲ. ಹಿಂದೆ ನಿಂತವರು ಗೊಣಗಲಿಲ್ಲ. ಅವನು ಪಕ್ಕಕ್ಕೆ ಸರಿದು ಸಾಲಿನ ಕೊನೆಗೆ ಹೋಗಿ ಮತ್ತೆ ನಿಂತ. ಸಂಜೆವರೆಗೆ ನಾಲ್ಕು ಸಲ ಹಾಗೆ ಸುತ್ತಿದನಂತೆ.

‘ಸಿಕ್ಕಿದ್ರಾ ತಾತ?’ ಅಂತ ಮಗ ಕೇಳಿದ.

‘ನನ್ನ ಡ್ಯೂಟಿ ಆರಕ್ಕೆ ಮುಗೀತು’ ಅಂದರು.

ಮಗ ನೋಟ್‌ಬುಕ್ ಮುಚ್ಚಿಟ್ಟ. ಈಗ ವಿರೋಧವಾಗಿ ಮಾತಾಡಬೇಕು ಅಂತ ಹಟ. ಹೆಸರು ಬದಲಾಯಿಸಲು ಮೇಷ್ಟ್ರು ಒಪ್ಪುತ್ತಿಲ್ಲ. ಇವತ್ತು ತಾತನೇ ಕಾಲೇಜಿಗೆ ಫೋನ್ ಮಾಡ್ತೀನಿ ಅಂತ ಕೂತಿದ್ದಾರೆ, ನಾನು ನಂಬರ್ ಕೊಟ್ಟಿಲ್ಲ.